ಕೌದಿ ಮಾತು – 4: ಡಿಸೈನ್ ಆಮೇಲೆ, ಮೊದಲು ಹೊಲಿಗೆ

ಕೌದಿ ಹೊಲೀಬೇಕು ಅಂತ ಆಸೆ ಆದ ತಕ್ಷಣ ನೀವು ಮಾಡೋ ಮೊದಲ ಕೆಲಸ ಏನು? ಪಿಂಟರೆಸ್ಟ್ ತೆಗೆದು ಡಿಸೈನ್ ಹುಡುಕೋದು. ಸೇವ್ ಮಾಡಿದ್ದು ನೂರಾಗತ್ತೆ, ಅಜ್ಜಿ ಸೀರೆ ಮಾತ್ರ ಬೀರುವಿನಲ್ಲೇ ಇರತ್ತೆ. ನಾನು ನೇರವಾಗಿ ಹೇಳ್ತೀನಿ: ಡಿಸೈನ್ ಕೊನೆಗೆ ಆರಿಸಿ. ಮೊದಲು ಬಟ್ಟೆ, ಆಮೇಲೆ ಹೊಲಿಗೆ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅನ್ನೋದು.

ಬಟ್ಟೆ ವಿಷಯ ಚಿಕ್ಕದು. ಹಳೇ ಕಾಟನ್ ಸೀರೆ, ಪಂಚೆ, ಲಂಗ ಇದ್ರೆ ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗತ್ತೆ. ಹೊಸ ಕಾಟನ್ ಆದ್ರೆ ಒಗೆದು ಒಣಗಿಸಿ ಕತ್ತರಿ ಹಾಕಿ. ಇಲ್ಲಾಂದ್ರೆ ಮೊದಲ ಒಗೆತಕ್ಕೇ ಅದು ಕುಗ್ಗತ್ತೆ, ಪಕ್ಕದ ಪಾಲಿಯೆಸ್ಟರ್ ಕುಗ್ಗಲ್ಲ, ಕೌದಿ ಸುಕ್ಕಾಗತ್ತೆ. ಟೀ ಶರ್ಟ್ ಬೇಡ, ಎಳೀತದೆ. ಉಪ್ಪಾರಹಳ್ಳಿಯಲ್ಲಾಗಲಿ ಎಲ್ಲೇ ಆಗಲಿ, ಬೀದಿ ಟೈಲರ್ ಹತ್ರ ಕೇಳಿದ್ರೆ ಬ್ಲೌಸ್ ಚೂರುಗಳು ಒಂದು ಚೀಲ ಸಿಗ್ತವೆ.

ಈಗ ಹೊಲಿಗೆ. ಪದರಗಳನ್ನೆಲ್ಲ ಮೊದಲೇ ಹಾಸಿ, ಕಚ್ಚಾ ಹೊಲಿಗೆ ಹಾಕಿಕೊಂಡು ಹೊಲಿಯೋದಾದ್ರೆ ಮಧ್ಯದಿಂದ ಶುರು ಮಾಡಿ ಅಂಚಿಗೆ ಹೋಗಬೇಕು. ಸಡಿಲ ಬಟ್ಟೆ ಹೊರಗೆ ಸರಿಯತ್ತೆ. ಯೂಟ್ಯೂಬ್ ಕ್ವಿಲ್ಟಿಂಗ್‌ನವರು ಹೇಳೋದು ಇದನ್ನೇ.

ನಮ್ಮದೇ ಉತ್ತರ ಕನ್ನಡದ ಸಿದ್ಧಿ ಹೆಂಗಸರು ಮಾಡೋದು ಇದಕ್ಕೆ ಉಲ್ಟಾ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಅವರು ಒಂದು ಹಳೇ ಸೀರೆ ಹಾಸಿ, ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೋಗ್ತಾರೆ. ಒಂದೊಂದೇ ತುಂಡಿನ ಅಂಚು ಮಡಚಿ ಇಡ್ತಾರೆ, ಎಲ್ಲಾ ಪದರ ಸೇರಿಸಿ ಹೊಲೀತಾರೆ, ಸುತ್ತುತ್ತಾ ಸುತ್ತುತ್ತಾ ಮಧ್ಯಕ್ಕೆ ಬಂದು ಮುಗಿಸ್ತಾರೆ. ತುಂಡು ಆಗಾಗಲೇ ಇಡೋದ್ರಿಂದ ಸಡಿಲು ಅಲ್ಲಲ್ಲೇ ಸರಿಹೋಗತ್ತೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ 'ಹೂವು' ಇಡಲೇಬೇಕು, ಇಲ್ಲಾಂದ್ರೆ ಕೌದಿ ಪೂರ್ತಿ ಆದ ಹಾಗಲ್ಲ. ನಕ್ಷೆ ಬರೆಯೋದಿಲ್ಲ, ಅಳತೆ ಪಟ್ಟಿ ಇಲ್ಲ. ಇದೇ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಸೆಂಟರ್‌ನಲ್ಲಿ ಪ್ರದರ್ಶನಕ್ಕೆ ಹೋಗಿದ್ದವು. ಅಲ್ಲಿನ ಜನ ನಿಂತು ನೋಡಿದ್ದನ್ನ ನಾವು ಮಂಚದ ಕೆಳಗೆ ತುರುಕಿಟ್ಟಿದೀವಿ.

ಹೊಸಬರಿಗೆ ನನ್ನ ವೋಟು ಸಿದ್ಧಿ ಕ್ರಮಕ್ಕೇ. ಯಾಕಂದ್ರೆ ಅಜ್ಜಿ ಸೀರೆ ಒಂದ್ಸಲ ಕತ್ತರಿಸಿದ್ರೆ ವಾಪಸ್ ಬರಲ್ಲ. ಷಟ್ಕೋನದ ಡಿಸೈನ್‌ಗೆ ಮೊದಲೇ ಮುನ್ನೂರು ಚೂರು ಮಾಡ್ಕೊಂಡು, ಅರ್ಧಕ್ಕೆ ಬೇಜಾರಾದ್ರೆ ಉಳಿಯೋದು ಚಿಂದಿ. ಈ ಕ್ರಮದಲ್ಲಿ ಬೇಕಾದಾಗ ಬೇಕಾದಷ್ಟೇ ಕತ್ತರಿಸ್ತೀರಿ. ಅರ್ಧಕ್ಕೆ ನಿಲ್ಲಿಸಿದ್ರೂ ಸೆರಗು ಸೆರಗಾಗೇ ಇರತ್ತೆ.

ಈಗ ಬಿಕಾಂ ಲೆಕ್ಕ, ಸಹಿಸ್ಕೊಳ್ಳಿ. ಒಂದೂವರೆ ಮೀಟರ್ ಅಗಲ, 2.1 ಮೀಟರ್ ಉದ್ದದ ಕೌದಿ. ಸಾಲಿಂದ ಸಾಲಿಗೆ 2 ಸೆಂ.ಮೀ. ಅಂದ್ರೆ 75 ಸಾಲು, ಸುಮಾರು 157 ಮೀಟರ್ ಹೊಲಿಗೆ. ನೇರ ಸಾಲು ಹಾಕಿ, ಸುತ್ತು ಹಾಕಿ, ಹೆಚ್ಚುಕಮ್ಮಿ ಅಷ್ಟೇ. ಸಾಲು 1 ಸೆಂ.ಮೀ.ಗೆ ಇಳಿಸಿದ್ರೆ ಮಾತ್ರ ಎರಡರಷ್ಟು. ಹಾಗಾಗಿ ಶ್ರಮ ತೀರ್ಮಾನ ಮಾಡೋದು ಡಿಸೈನ್ ಅಲ್ಲ, ಸಾಲಿನ ಅಂತರ. ಮೀಟರ್‌ಗೆ ಹತ್ತು ನಿಮಿಷ ಹಿಡಿದ್ರೂ 26 ಗಂಟೆ, ತುಂಡು ಜೋಡಿಸೋದು ಬೇರೆ. ಇದನ್ನ ನೀವು "ಸಾವಿರಕ್ಕೆ ಕೊಡ್ತೀರಾ ಅಕ್ಕ?" ಅಂತ ಕೇಳಿದ್ರೆ ಗಂಟೆಗೆ 38 ರೂಪಾಯಿ ಕೊಟ್ಟ ಹಾಗೆ. ಬಟ್ಟೆ, ದಾರ ಅವರದೇ ಆದ್ರೆ ಅದೂ ಇಲ್ಲ. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿದು ಜೀವನ ಮಾಡೋ ಹೆಂಗಸರಿದ್ದಾರೆ. ಅವರ ಹತ್ರ ಚೌಕಾಸಿ ಮಾಡೋ ಮುಂಚೆ ಒಂದು ಗೇಣಿನಲ್ಲಿ ಎಷ್ಟು ಸಾಲಿದೆ ಅಂತ ಎಣಿಸಿ ನೋಡಿ.

ಮೆಷಿನ್ ಬೇಡ್ವಾ ಅಂತ ಡಿಎಂ ಮಾಡೋರಿಗೆ: ಹಾಸ್ಟೆಲ್‌ಗೆ, ವಾರ ವಾರ ಒಗೆಯೋಕೆ ಮೆಷಿನ್ ಹೊಲಿಗೆನೇ ಗಟ್ಟಿ. ಮೂರು ಪದರಕ್ಕಿಂತ ಹೆಚ್ಚು ಬೇಡ, ಮೇಲಿನ ಬಟ್ಟೆ ಸರಿದು ನೆರಿಗೆ ಬೀಳತ್ತೆ, ಮೊದಲು ಕಚ್ಚಾ ಹೊಲಿಗೆ ಹಾಕ್ಕೊಳ್ಳಿ. ಕೂಸು ಮಲಗಿಸೋ ಕೌದಿಗೆ ಮಾತ್ರ ಕೈಹೊಲಿಗೆ, ಮೆತ್ತಗಿರತ್ತೆ.

ಮುಂದಿನ ಪೋಸ್ಟ್‌ನಲ್ಲಿ ಮೂಲೆ ಹೂವು ಮಡಚೋದು, ಹತ್ತು ಫೋಟೋ. ನಿಮ್ಮ ಕಡೆ ಇದಕ್ಕೆ ಕೌದಿ ಅಂತೀರೋ ಬೊಂತೆ ಅಂತೀರೋ, ಊರ ಹೆಸರಿನ ಜೊತೆ ಬರೀರಿ.

#ಕೌದಿ #ಕೈಹೊಲಿಗೆ #ತುಮಕೂರು