ಮಗು ಯಾವ ಊರಿನದು?

ದುಡಿಯುವವನ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗುವುದು ನಮಗೆ ಹೊಸತಲ್ಲ. 1982ರ ಗಿರಣಿ ಮುಷ್ಕರದ ಅನಂತರ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಒಬ್ಬನೇ ಇಲ್ಲಿ ಉಳಿದವರು ಅನೇಕರು. ಅದು ಹೊಟ್ಟೆಪಾಡಿನ ಅಗಲಿಕೆ. ಇಬ್ಬರ ಒಪ್ಪಿಗೆಯೂ ಅದಕ್ಕಿತ್ತು. ನಾವೀಗ ಬರೆಯುತ್ತಿರುವುದು ಒಪ್ಪಿಗೆಯಿಲ್ಲದ ಅಗಲಿಕೆಯ ವಿಚಾರ.

ಠಾಣೆ, ಡೊಂಬಿವಲಿ, ಕಲ್ಯಾಣಗಳ ಖೋಲಿಗಳಲ್ಲಿ, ನವಿಮುಂಬಯಿಯಲ್ಲೂ, ಇದು ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಗಂಡಹೆಂಡಿರಿಗೆ ಸರಿಬರುವುದಿಲ್ಲ. ರಜೆಯೆಂದು ತಾಯಿ ಮಗುವಿನೊಡನೆ ಉಡುಪಿಯ ಕಡೆಗೆ ರೈಲು ಹತ್ತುತ್ತಾಳೆ. ಜೂನ್ ಬಂದರೂ ಮರಳುವುದಿಲ್ಲ, ಮಗು ಅಲ್ಲಿಯ ಶಾಲೆಗೆ ಸೇರಿರುತ್ತದೆ. ಇಲ್ಲವೆ ತಾಯಿ ಕೆಲಸಕ್ಕೆ ಹೋದ ವೇಳೆ ನೋಡಿ ತಂದೆಯೇ ಮಗುವನ್ನು ಊರಿನ ಅಜ್ಜಿಯ ಬಳಿ ಬಿಟ್ಟು ಬರುತ್ತಾನೆ. ಉಳಿದವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಇದನ್ನು ನಾವು ಒಪ್ಪಲಾರೆವು. ಹೊಡೆತಕ್ಕೆ ಅಂಜಿ ಓಡಿದವಳ ಮಾತು ಬೇರೆ. ಅವಳು ಮೊದಲು ಜೀವ ಉಳಿಸಿಕೊಳ್ಳಲಿ.

ಅಳಿಯಸಂತಾನದ ಮನೆತನದವರು ಮಗು ತಾಯಿಯ ಕುಟುಂಬದ್ದೆನ್ನುತ್ತಾರೆ. ಘಟ್ಟದ ಮೇಲಿನವರು ತಂದೆಯದೆನ್ನುತ್ತಾರೆ. ಕಾನೂನು ಎರಡನ್ನೂ ಕೊನೆಯ ಮಾತೆಂದು ಎಣಿಸುವುದಿಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಆದರೆ ಎಲ್ಲಕ್ಕಿಂತ ಮೇಲು ಮಗುವಿನ ಹಿತ. ತಂದೆತಾಯಿ ಬೇರೆ ಬೇರೆ ರಾಜ್ಯಗಳಲ್ಲಿದ್ದರೆ, ಭೇಟಿಯಲ್ಲದೆ ಫೋನು, ವಿಡಿಯೋ ಕರೆಗಳ ಸಂಪರ್ಕವೂ ಮುಖ್ಯವೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಿತು. ಸರಿ, ಆದರೆ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಮುಗಿಸುವವನಿಗೆ ಎಚ್ಚರವಿರುವ ಮಗು ಎಲ್ಲಿ ಸಿಕ್ಕೀತು? ಗಿರಾಕಿ ಕಡಿಮೆಯಿರುವ ಭಾನುವಾರದ ಮಧ್ಯಾಹ್ನ ಮೂರು ಗಂಟೆಯೆಂದು ಹೊತ್ತನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

1890ರ ಕಾಯಿದೆಯಂತೆ ಅರ್ಜಿ ಹಾಕಬೇಕಾದುದು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ. ಆದುದರಿಂದಲೇ ಮಗುವನ್ನು ಮೊದಲು ಸಾಗಿಸಿದವರು ಗೆದ್ದೆವೆಂದುಕೊಳ್ಳುತ್ತಾರೆ. ಕೆಲವು ದಿನ ಬೇರೆಡೆ ಇರಿಸಿದ ಮಾತ್ರಕ್ಕೆ ವಾಸಸ್ಥಳ ಬದಲಾಯಿತೆಂದು ನ್ಯಾಯಾಲಯ ಒಪ್ಪಬೇಕಾಗಿಲ್ಲ. ಆದರೂ ಆ ವಾದವೇ ತಿಂಗಳುಗಟ್ಟಲೆ ನಡೆಯಬಹುದು; ಒಂದು ತಾರೀಕಿಗೆ ಉಡುಪಿಗೆ ಹೋಗಿಬರುವುದೆಂದರೆ ಎರಡು ರಾತ್ರಿ ರೈಲು, ಮೂರು ದಿನದ ಸಂಬಳ. ದಾರಿಯಿಲ್ಲವೆಂದು ಯಾರೂ ಸುಮ್ಮನೆ ಕುಳಿತುಕೊಳ್ಳಬಾರದು. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಮಾತ್ರವಲ್ಲ, ಕೈಗಾರಿಕಾ ಕಾರ್ಮಿಕರಿಗೂ ವರಮಾನ ನೋಡದೆ ಉಚಿತ ವಕೀಲರ ನೆರವುಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿರಿ.

ಹಿರಿಯರ ಪಂಚಾಯಿತಿಕೆ ಒಳ್ಳೆಯದೇ, ಆದರೆ ಅದು ಬಾಯಿಮಾತಿನಲ್ಲಿ ನಿಲ್ಲಬಾರದು. "ರಜೆಯ ಅರ್ಧ ತಂದೆಯ ಬಳಿ" ಎಂದಷ್ಟೇ ಬರೆದರೆ ಸಾಲದು. ಯಾವ ಶಾಲೆಯ ರಜೆ? ಕರ್ನಾಟಕದ ಶಾಲೆಗಳು ಏಪ್ರಿಲಿನಲ್ಲಿ ಮುಚ್ಚಿ ಮೇ ಕೊನೆಗೆ ತೆರೆಯುತ್ತವೆ, ಇಲ್ಲಿಯವು ಜೂನ್ ಮಧ್ಯಕ್ಕೆ. ಯಾರು ಕರೆತರುವರು, ಟಿಕೆಟಿನ ಹಣ ಯಾರದು? 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೆಟು 60 ದಿನ ಮೊದಲಷ್ಟೇ ಸಿಗುವುದರಿಂದ, ಏಪ್ರಿಲ್ ಕೊನೆಗೆ ಮತ್ಸ್ಯಗಂಧದಲ್ಲಿ ಮಗುವನ್ನು ಕರೆತರುವವರು ಫೆಬ್ರವರಿಯ ಸಂಬಳದಲ್ಲೇ ಆ ಹಣವನ್ನು ತೆಗೆದಿಡಬೇಕು.