ಮೂಲೆಗೆ ಸರಿದ ಕಥೆಗಾರ

ಮಾನಸಿಕ ಆಸ್ಪತ್ರೆಯ ಒಂದು ವಾರ್ಡಿನೊಳಗೆ ನಡೆಯುವ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ತೆರೆಕಂಡದ್ದು 1975ರಲ್ಲಿ. ಜೈಲಿನ ದುಡಿಮೆ ತಪ್ಪಿಸಿಕೊಳ್ಳಲು ಹುಚ್ಚನ ವೇಷ ಹಾಕಿ ಬರುವ ಮ್ಯಾಕ್‌ಮರ್ಫಿ, ವಾರ್ಡನ್ನು ನಿಯಮಗಳಿಂದ ಬಿಗಿದಿಟ್ಟಿರುವ ನರ್ಸ್ ರ್ಯಾಚೆಡ್, ಈ ಇಬ್ಬರ ಹಟವೇ ಅದರ ಕಥೆ. ಮಿಲೋಶ್ ಫೋರ್ಮನ್ ನಿರ್ದೇಶನದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಹೀಗೆ ಐದು ಆಸ್ಕರ್ ಬಂದವು. ಅವರಿಬ್ಬರ ಜಗಳದ ಪಕ್ಕದಲ್ಲಿ, ಪೊರಕೆ ಹಿಡಿದು ಮಾತಿಲ್ಲದೆ ನಿಂತ ಮೂರನೆಯವನೊಬ್ಬನಿದ್ದಾನೆ: ಮೂಲನಿವಾಸಿ ಬುಡಕಟ್ಟಿನ ಬ್ರೋಮ್ಡನ್.

ಕೆನ್ ಕೆಸಿ 1962ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಕಥೆ ಹೇಳುವವನು ಇವನೇ. ಕಿವುಡ, ಮೂಕ ಎಂದು ಎಲ್ಲರೂ ನಂಬಿರುವುದರಿಂದ ಅವನೆದುರು ಯಾರೂ ಬಾಯಿ ಬಿಗಿಹಿಡಿಯುವುದಿಲ್ಲ; ವಾರ್ಡಿನ ಗುಟ್ಟೆಲ್ಲ ಅವನ ಕಿವಿಗೆ ಬೀಳುತ್ತದೆ. ಅವನ ತಂದೆ ಕೊಲಂಬಿಯಾ ನದಿ ದಂಡೆಯ ಬುಡಕಟ್ಟಿನ ನಾಯಕ. ಅಣೆಕಟ್ಟೆಗಾಗಿ ಮೀನು ಹಿಡಿಯುವ ಜಲಪಾತವನ್ನೂ ಊರನ್ನೂ ಬಿಟ್ಟುಕೊಟ್ಟು ಕುಡಿತಕ್ಕೆ ಬಿದ್ದವನು. ದ ಡ್ಯಾಲ್ಸ್ ಅಣೆಕಟ್ಟೆಯ ನೀರಿನಲ್ಲಿ ಸೆಲಿಲೋ ಜಲಪಾತ ನಿಜವಾಗಿಯೇ ಮುಳುಗಿದ್ದು 1957ರಲ್ಲಿ. ಹೀಗಾಗಿ ಬ್ರೋಮ್ಡನ್‌ನ ರೋಗಕ್ಕೆ ಒಂದು ಇತಿಹಾಸವಿದೆ. ಚಿತ್ರ ನಿರೂಪಣೆಯನ್ನು ಅವನಿಂದ ತೆಗೆದುಬಿಟ್ಟಿತು. ಚಿತ್ರದ ಬಗ್ಗೆ ಕೆಸಿಗಿದ್ದ ಅಸಮಾಧಾನಕ್ಕೆ ಇದೂ ಒಂದು ಕಾರಣ. ಕುಡಿದು ಕುಗ್ಗಿದ ತಂದೆಯ ಬಗ್ಗೆ ಕೆಲವು ಮಾತು ಉಳಿದವು, ನದಿ ಉಳಿಯಲಿಲ್ಲ.

ಆದರೆ ಪಾತ್ರಕ್ಕೆ ನಟನನ್ನು ಆರಿಸಿದ ರೀತಿ ಆ ಕಾಲಕ್ಕೆ ಹೊಸದು. 1950ರ ‘ಬ್ರೋಕನ್ ಆ್ಯರೋ’ದಲ್ಲಿ ಜೆಫ್ ಚಾಂಡ್ಲರ್, 1954ರ ‘ಅಪಾಚೆ’ಯಲ್ಲಿ ಬರ್ಟ್ ಲ್ಯಾಂಕಾಸ್ಟರ್, ಹೀಗೆ ಬಿಳಿಯರೇ ಬಣ್ಣ ಬಳಿದುಕೊಂಡು ಮೂಲನಿವಾಸಿಗಳಾಗುವುದು ಹಾಲಿವುಡ್ಡಿನ ರೂಢಿಯಾಗಿತ್ತು. ಬ್ರೋಮ್ಡನ್ ಆದವನು ಒಕ್ಲಹೋಮದ ಮಸ್ಕೋಗಿ ಜನಾಂಗದ ವಿಲ್ ಸ್ಯಾಂಪ್ಸನ್: ಚಿತ್ರಕಾರ, ರೋಡಿಯೊ ಸವಾರ, ಆರೂವರೆ ಅಡಿ ಎತ್ತರದ ಆಳು. ಇದೇ ಅವನ ಮೊದಲ ಚಿತ್ರ. ಮ್ಯಾಕ್‌ಮರ್ಫಿ ಕೊಟ್ಟ ಚೂಯಿಂಗ್ ಗಮ್ ಬಾಯಿಗಿಟ್ಟು ಬ್ರೋಮ್ಡನ್ ಮೊದಲ ಬಾರಿ ಮಾತಾಡುವ ಗಳಿಗೆ, ಅಷ್ಟು ಹೊತ್ತಿನ ಮೌನ ಹೇಡಿತನವಲ್ಲ, ಜಾಣತನ ಎಂದು ತೋರಿಸಿಕೊಡುತ್ತದೆ.

ಉಳಿದವರ ಪಾಲು ಇಷ್ಟು ಉದಾರವಾಗಿಲ್ಲ. ಕಪ್ಪು ಜನರು ಇಲ್ಲಿ ವಾರ್ಡಿನ ಸಹಾಯಕರು, ರಾತ್ರಿ ಪಾಳಿಯವರು ಮಾತ್ರ. ಕಾದಂಬರಿಯಲ್ಲಿ ಅವರ ಮೇಲಿರುವ ಕಹಿ ಚಿತ್ರದಲ್ಲಿ ತಗ್ಗಿದೆ, ಆದರೆ ಅವರ ಮನಸ್ಸಿನೊಳಗೆ ಇಣುಕುವ ಪ್ರಯತ್ನವಿಲ್ಲ. ಹೆಣ್ಣುಗಳಲ್ಲಿ ಎದ್ದು ಕಾಣುವವರು ಎರಡೇ ಬಗೆ: ಗಂಡಸರನ್ನು ಅದುಮಿಡುವ ನರ್ಸ್, ಅವರನ್ನು ರಂಜಿಸಲು ಬರುವ ಗೆಳತಿಯರು. ಲೂಯಿಸ್ ಫ್ಲೆಚರ್ ದನಿಯೇರಿಸದೆ, ತಾನು ಮಾಡುವುದೆಲ್ಲ ರೋಗಿಗಳ ಹಿತಕ್ಕೇ ಎಂಬ ನಂಬಿಕೆಯಲ್ಲಿ ನಟಿಸಿದ್ದರಿಂದ ರ್ಯಾಚೆಡ್ ಬರೀ ರಾಕ್ಷಸಿಯಾಗದೆ ಮನುಷ್ಯಳಾಗಿ ಉಳಿದಳು.

ರೋಗಿಗಳ ಚಿತ್ರಣದಲ್ಲೂ ಎರಡು ಮುಖಗಳಿವೆ. ಚಿತ್ರೀಕರಣ ನಡೆದದ್ದು ಸೇಲಮ್ ಪಟ್ಟಣದ ಒರೆಗಾನ್ ಸ್ಟೇಟ್ ಹಾಸ್ಪಿಟಲ್‌ನಲ್ಲೇ. ಅದರ ಮುಖ್ಯಸ್ಥ ಡೀನ್ ಬ್ರೂಕ್ಸ್ ತೆರೆಯ ಮೇಲೂ ವೈದ್ಯನಾದರು. ಅಲ್ಲಿನ ರೋಗಿಗಳಿಗೆ ಚಿತ್ರತಂಡದಲ್ಲಿ ಕೆಲಸ ಸಿಕ್ಕಿತು. ಕಥೆಯ ರೋಗಿಗಳಾದ ಬಿಲ್ಲಿ, ಮಾರ್ಟಿನಿ, ಚೆಸ್ವಿಕ್ ಒಬ್ಬರಂತೆ ಇನ್ನೊಬ್ಬರಿಲ್ಲ. ಇನ್ನೊಂದು ಕಡೆ, ಅರಿವಳಿಕೆಯಿಲ್ಲದೆ ಶಿಕ್ಷೆಯಂತೆ ಕೊಡುವ ವಿದ್ಯುತ್ ಚಿಕಿತ್ಸೆಯ ದೃಶ್ಯ ಜನಮನದಲ್ಲಿ ನಿಂತಿತು. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿಗಳೊಂದಿಗೆ ಅದನ್ನು ಕೊಡುವ ಕ್ರಮ ಅಷ್ಟರಲ್ಲಿ ಬಂದಿದ್ದರೂ ಜನರ ಭಯ ಇಳಿಯಲಿಲ್ಲ.

ಎರಡೂ ಕೃತಿಗಳ ಕೊನೆಯಲ್ಲಿ ಬ್ರೋಮ್ಡನ್ ಕಿಟಕಿ ಒಡೆದು ಓಡುತ್ತಾನೆ. ಕಾದಂಬರಿಯಲ್ಲಿ ಅವನಿಗೆ ನದಿಯನ್ನೂ ತನ್ನ ಜನರನ್ನೂ ಮತ್ತೆ ನೋಡುವ ಆಸೆಯಿದೆ. ಚಿತ್ರದಲ್ಲಿ ಅವನು ಕತ್ತಲೆಯ ಬೆಟ್ಟಗಳತ್ತ ಸಾಗುತ್ತಾನೆ; ಅಲ್ಲಿ ಅವನಿಗಾಗಿ ಯಾರು ಕಾದಿದ್ದಾರೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ.