ಬೀದಿಯ ದುಡಿಮೆ

ಸಂಜೆಯ ಹೊತ್ತು ಜಯನಗರದ ನಾಲ್ಕನೆಯ ಬ್ಲಾಕಿನ ಮರಗಳ ಕೆಳಗೆ, ವಾಹನದ ಮೇಲೆ ಕುಳಿತು ಫೋನಿನ ಸೂಚನೆಗಾಗಿ ಕಾಯುವ ತರುಣರು ಕಾಣುತ್ತಾರೆ. ಸೂಚನೆ ಬಂದೊಡನೆ ಒಬ್ಬನು ಬನಶಂಕರಿಗೆ ಊಟ ಒಯ್ಯುತ್ತಾನೆ, ಇನ್ನೊಬ್ಬನು ಜೆ.ಪಿ. ನಗರಕ್ಕೆ ಔಷಧಿ ತಲುಪಿಸುತ್ತಾನೆ. ಇವರೇ ಗಿಗ್ ಕಾರ್ಮಿಕರು. ಕಂಪೆನಿಗಳು ಮಾತ್ರ ಇವರನ್ನು ಪಾಲುದಾರರೆಂದು ಕರೆಯುತ್ತವೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರಿಕೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ!

ದಿನದ ಕೊನೆಗೆ ಕೈಸೇರುವ ಹಣವನ್ನು ಕಂಡು, ಇದು ಒಳ್ಳೆಯ ಸಂಪಾದನೆಯೆನ್ನುವವರುಂಟು. ಆದರೆ ಪೆಟ್ರೋಲು, ಸಾಲದ ಕಂತು, ಸವೆದ ಚಕ್ರದ ಬೆಲೆ ಎಲ್ಲವನ್ನೂ ಅದರಲ್ಲಿಯೇ ಕಳೆಯಬೇಕು. ಬೆನ್ನಿನ ಸವೆತವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಇಪ್ಪತ್ತೈದರಲ್ಲಿ ಹನ್ನೆರಡು ಗಂಟೆ ದುಡಿಯಬಲ್ಲ ದೇಹ ಐವತ್ತರಲ್ಲಿ ದುಡಿಯಲಾರದು. ಕೆಲವು ವರ್ಷಗಳ ಆಸರೆಯಾಗಿ ಈ ಕೆಲಸವನ್ನು ಒಪ್ಪಬಹುದು; ಜೀವಮಾನದ ವೃತ್ತಿಯೆನ್ನಲು ನನ್ನ ಮನಸ್ಸು ಒಪ್ಪದು. ಕಾರ್ಖಾನೆಯ ಕೆಲಸಗಾರನಿಗೆ 1952ರ ಕಾಯಿದೆಯಿಂದ ಭವಿಷ್ಯನಿಧಿಯೂ 1972ರ ಕಾಯಿದೆಯಿಂದ ಸೇವೆ ಮುಗಿದಾಗ ಸಲ್ಲುವ ಉಪದಾನವೂ ಹಕ್ಕಾಗಿ ದೊರೆತವು. ಬೀದಿಯ ದುಡಿಮೆಗಾರನಿಗೆ ಆ ಹಕ್ಕಿಲ್ಲ.

ಕರ್ನಾಟಕವು 2025ರಲ್ಲಿ ಇವರಿಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಅದರಂತೆ ಪ್ರತಿಯೊಂದು ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪೆನಿಯು ಕಲ್ಯಾಣ ನಿಧಿಗೆ ಪ್ರತ್ಯೇಕವಾಗಿ ಸಲ್ಲಿಸಬೇಕು. ಇದು ಸ್ವಾಗತಾರ್ಹವೇ. ಆದರೂ ನೂರು ರೂಪಾಯಿಗೆ ಹೆಚ್ಚೆಂದರೆ ಐದು ರೂಪಾಯಿ! ಬಿದ್ದ ದಿನ ಆಸ್ಪತ್ರೆಯ ಖರ್ಚಿಗೆ ಒದಗೀತು. ಮುಪ್ಪಿನ ಊಟಕ್ಕೆ ಸಾಲದು.